ಪಕ್ಕದ ಜಾಗ ಎಷ್ಟಕ್ಕೆ ಹೋಯಿತು? ಕಾಸರಗೋಡಿನವರು ಪದೇ ಪದೇ ಕೇಳುವ ಪ್ರಶ್ನೆಗಳು

ಮಂಜೇಶ್ವರದಿಂದ ಚಂದ್ರಗಿರಿ ಹೊಳೆಯವರೆಗಿನ ನಮ್ಮ ಊರುಗಳಲ್ಲಿ ಜಾಗ ಮಾರುವವರು, ಕೊಳ್ಳುವವರು, ಪಾಲು ಮಾಡಿಕೊಳ್ಳುವವರು ನನ್ನನ್ನು ಕೇಳಿದ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಕೆಲವು ಪತ್ರದಲ್ಲಿ ಬಂದವು. ಹೆಚ್ಚಿನವು ಮದುವೆಯ ಊಟದ ಪಂಕ್ತಿಯಲ್ಲಿ, ಬಸ್ಸಿಗೆ ಕಾಯುವಾಗ ಕೇಳಿದವು. ಕಾಗದಪತ್ರಗಳು ಮಲಯಾಳಂನಲ್ಲಿವೆ ಎಂಬ ಒಂದೇ ಕಾರಣಕ್ಕೆ ಕನ್ನಡ ಓದಿದವರು ದಲ್ಲಾಳಿ ಹೇಳಿದ ಬೆಲೆಗೆ ತಲೆಯಾಡಿಸುವುದನ್ನು ಬಹಳ ಸಲ ಕಂಡಿದ್ದೇನೆ. ಕಂಡಾಗಲೆಲ್ಲ ಸಂಕಟವಾಗಿದೆ. ಬೆಲೆ ತಿಳಿಯುವ ದಾರಿ ಎಲ್ಲರಿಗೂ ತೆರೆದೇ ಇದೆ.

## ಮೊದಲಿಗೆ ತಿಳಿಯಬೇಕಾದವು

ಬೇರೆಯವರ ಜಾಗ ಎಷ್ಟಕ್ಕೆ ಹೋಯಿತು ಎಂದು ನಾನು ವಿಚಾರಿಸಬಹುದೇ? ಅದು ಅವರ ಖಾಸಗಿ ವಿಷಯವಲ್ಲವೇ?

ಧಾರಾಳವಾಗಿ ವಿಚಾರಿಸಬಹುದು. 1908ರ ನೋಂದಣಿ ಕಾಯ್ದೆಯ 57ನೆಯ ಕಲಂ ಪ್ರಕಾರ, ಸ್ಥಿರಾಸ್ತಿಯ ಆಧಾರಗಳನ್ನು, ಅಂದರೆ ನೋಂದಣಿಯಾದ ದಸ್ತಾವೇಜುಗಳನ್ನು ದಾಖಲಿಸುವ 1ನೆಯ ಪುಸ್ತಕವನ್ನೂ ಅದರ ಸೂಚಿಯನ್ನೂ ಶುಲ್ಕ ಕಟ್ಟಿದ ಯಾರು ಬೇಕಾದರೂ ನೋಡಬಹುದು, ನಕಲು ಪಡೆಯಬಹುದು. ಕಾರಣ ಹೇಳಬೇಕಾಗಿಲ್ಲ, ಮಾರಿದವರ ಒಪ್ಪಿಗೆಯೂ ಬೇಡ. ಮರಣಶಾಸನಗಳಿರುವ 3ನೆಯ ಪುಸ್ತಕ ಹಾಗಲ್ಲ, ಅದಕ್ಕೆ ಬೇರೆ ನಿಯಮವಿದೆ. ಜಾಗದ ನೋಂದಣಿಯನ್ನು ಸಾರ್ವಜನಿಕ ದಾಖಲೆಯಾಗಿ ಇಟ್ಟಿರುವುದೇ ಮೋಸ ತಪ್ಪಲಿ ಎಂದು. ಆದ್ದರಿಂದ ಸಂಕೋಚ ಬೇಡ.

ಫೇರ್ ವ್ಯಾಲ್ಯೂ ಅಂದರೆ ಜಾಗದ ನಿಜವಾದ ಬೆಲೆಯೇ?

ಅಲ್ಲ. ಮಲಯಾಳಂನಲ್ಲಿ ಇದನ್ನು ನ್ಯಾಯವಿಲ ಎನ್ನುತ್ತಾರೆ. ನೋಂದಣಿಯ ಹೊತ್ತಿಗೆ ಸರ್ಕಾರ ಸ್ಟಾಂಪ್ ಶುಲ್ಕ ಲೆಕ್ಕ ಹಾಕಲು ಇಟ್ಟುಕೊಂಡಿರುವ ಕನಿಷ್ಠ ಬೆಲೆ ಇದು. ಕೇರಳದಲ್ಲಿ 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ನಿಗದಿ ಮಾಡುವವರು ಆರ್‌ಡಿಒ, ಅಂದರೆ ಕಂದಾಯ ವಿಭಾಗಾಧಿಕಾರಿ. ಇದಕ್ಕಿಂತ ಕಡಿಮೆ ಮೊತ್ತ ಬರೆಸಿದರೂ ಶುಲ್ಕ ಮಾತ್ರ ಫೇರ್ ವ್ಯಾಲ್ಯೂ ಮೇಲೆಯೇ ಬೀಳುತ್ತದೆ.

ಆಮೇಲೆ ಇದನ್ನು ಏರಿಸುತ್ತಾ ಬಂದದ್ದು ಇಡೀ ರಾಜ್ಯಕ್ಕೆ ಒಂದೇ ಶೇಕಡಾ ಲೆಕ್ಕದಲ್ಲಿ. 2023ರ ಏಪ್ರಿಲ್ 1ರಂದು ಏರಿದ ಶೇ. 20 ಹಾಗೆಯೇ ಬಂದದ್ದು. ಇದರ ಪರಿಣಾಮ ಯೋಚಿಸಿ. ಮೊದಲ ಪಟ್ಟಿ ಮಾಡುವಾಗ ನಿಮ್ಮ ಜಾಗಕ್ಕೆ ಕಾಲುದಾರಿ ಮಾತ್ರ ಇತ್ತು, ಈಗ ಪಂಚಾಯತು ರಸ್ತೆಯಾಗಿದೆ. ಪಟ್ಟಿಗೆ ಆ ರಸ್ತೆ ಕಾಣುವುದಿಲ್ಲ, ಹಳೆಯ ದರವೇ ಏರುತ್ತಾ ಬಂದಿರುತ್ತದೆ. ಕೆಲವು ಗುಡ್ಡದ ತುಂಡುಗಳಲ್ಲಿ ಇದೇ ತಿರುಗುಮುರುಗಾಗಿ, ಪಟ್ಟಿಯ ದರ ಕೊಟ್ಟು ಕೊಳ್ಳುವವರೇ ಇಲ್ಲದಿರುವುದೂ ಉಂಟು. ಪಟ್ಟಿಯಲ್ಲಿ ತಪ್ಪಿದ್ದರೆ ಜಿಲ್ಲಾಧಿಕಾರಿಗೆ ಮೇಲ್ಮನವಿ ಕೊಡಲು ಅವಕಾಶವಿದೆ. ನಂಬರೇ ಬಿಟ್ಟುಹೋಗಿದ್ದರೆ ಆರ್‌ಡಿಒಗೆ ಅರ್ಜಿ ಹಾಕಬೇಕು.

ಫೇರ್ ವ್ಯಾಲ್ಯೂ ನೋಡುವುದು ಹೇಗೆ? ನನ್ನಲ್ಲಿ ತೀರ್ವೆ (ಭೂಕಂದಾಯ) ರಶೀದಿ ಮಾತ್ರ ಇದೆ.

ಅದೇ ಸಾಕು. ರಶೀದಿಯಲ್ಲಿ ಗ್ರಾಮ, ಬ್ಲಾಕ್ ನಂಬರ್, ಸರ್ವೆ ನಂಬರ್ ಮತ್ತು ಅದರ ಉಪವಿಭಾಗ ಇರುತ್ತವೆ. ಕೇರಳ ನೋಂದಣಿ ಇಲಾಖೆಯ ಜಾಲತಾಣದಲ್ಲಿ ಜಿಲ್ಲೆ, ತಾಲೂಕು, ಗ್ರಾಮ ಆರಿಸಿ ಈ ನಂಬರ್ ಕೊಟ್ಟರೆ ದರ ಬರುತ್ತದೆ. ತಾಲೂಕು ಆರಿಸುವಾಗ ಎಚ್ಚರ ಬೇಕು: ಮಂಜೇಶ್ವರ ಮತ್ತು ವೆಳ್ಳರಿಕುಂಡು ಪ್ರತ್ಯೇಕ ತಾಲೂಕುಗಳಾದದ್ದು 2014ರಲ್ಲಿ, ಅದಕ್ಕಿಂತ ಹಿಂದಿನ ಕಾಗದಗಳಲ್ಲಿ ಕಾಸರಗೋಡು, ಹೊಸದುರ್ಗ ಎಂದೇ ಇರುತ್ತದೆ.

ಒಂದೇ ಸರ್ವೆ ನಂಬರಿಗೆ ಹಲವು ಸಾಲುಗಳು ಬಂದರೆ ಗಾಬರಿಯಾಗಬೇಡಿ. ಜಾಗದ ವರ್ಗ ನೋಡಿ. ರಾಷ್ಟ್ರೀಯ ಹೆದ್ದಾರಿ ಅಥವಾ ಲೋಕೋಪಯೋಗಿ ರಸ್ತೆಗೆ ತಾಗಿದ ಮನೆ ನಿವೇಶನ, ಪಂಚಾಯತು ರಸ್ತೆಗೆ ತಾಗಿದ್ದು, ಖಾಸಗಿ ರಸ್ತೆಯದ್ದು, ವಾಹನ ಹೋಗದ್ದು, ತೋಟ, ತೇವದ ಜಾಗ, ಕಲ್ಲುಪಾರೆ ಎಂದು ಬೇರೆ ಬೇರೆ ವರ್ಗಗಳಿವೆ. ನಿಮ್ಮ ಜಾಗ ಯಾವ ವರ್ಗಕ್ಕೆ ಸೇರಿದೆಯೋ ಆ ಸಾಲನ್ನು ಮಾತ್ರ ಹಿಡಿಯಿರಿ.

ಕಾಗದದಲ್ಲಿ ಆರ್ ಎಂದಿದೆ, ಜನ ಸೆಂಟ್ಸ್ ಎನ್ನುತ್ತಾರೆ. ಲೆಕ್ಕ ಹೇಗೆ?

ಒಂದು ಆರ್ ಅಂದರೆ 100 ಚದರ ಮೀಟರ್, ಅಂದರೆ 2.47 ಸೆಂಟ್ಸ್. 100 ಸೆಂಟ್ಸಿಗೆ ಒಂದು ಎಕರೆ, 100 ಆರ್‌ಗೆ ಒಂದು ಹೆಕ್ಟೇರ್. ಫೇರ್ ವ್ಯಾಲ್ಯೂ ಆರ್ ಒಂದಕ್ಕೆ 80,000 ರೂಪಾಯಿ ಎಂದಿದ್ದರೆ ಸೆಂಟ್ಸಿಗೆ ಸುಮಾರು 32,400 ಮಾತ್ರ. ಆರ್‌ನ ದರವನ್ನೇ ಸೆಂಟ್ಸಿನ ದರ ಎಂದುಕೊಂಡು ಅಣ್ಣತಮ್ಮಂದಿರು ಮಾತು ಬಿಟ್ಟ ಮನೆಯೊಂದನ್ನು ನಾನು ಬಲ್ಲೆ.

## ಆಧಾರ, ಇ.ಸಿ., ರಿಜಿಸ್ಟ್ರಾರ್ ಕಚೇರಿ

ಪಕ್ಕದವರ ಆಧಾರದ ನಂಬರ್ ನನಗೆ ಗೊತ್ತಿಲ್ಲ. ನಕಲು ಪಡೆಯುವುದು ಹೇಗೆ?

ಎರಡು ಹೆಜ್ಜೆಯ ಕೆಲಸ. ಮೊದಲು ಆ ಸರ್ವೆ ನಂಬರಿಗೆ ಇ.ಸಿ., ಅಂದರೆ ಋಣಭಾರ ಪ್ರಮಾಣಪತ್ರಕ್ಕೆ ಅರ್ಜಿ ಹಾಕಿ. ಆನ್‌ಲೈನಿನಲ್ಲಿಯೂ ಹಾಕಬಹುದು, ಮಂಜೇಶ್ವರ, ಬದಿಯಡ್ಕ, ಕಾಸರಗೋಡು ಹೀಗೆ ಆ ಗ್ರಾಮ ಯಾವ ಸಬ್ ರಿಜಿಸ್ಟ್ರಾರ್ ಕಚೇರಿಗೆ ಸೇರಿದೆಯೋ ಅಲ್ಲಿಯೂ ಕೊಡಬಹುದು. ಬೇಕಾದ ವರ್ಷಗಳನ್ನು ಸ್ಪಷ್ಟವಾಗಿ ಬರೆಯಿರಿ. ಆ ಅವಧಿಯಲ್ಲಿ ನಡೆದ ವ್ಯವಹಾರಗಳ ನಂಬರ್, ದಿನಾಂಕ, ಬಗೆ, ಮೊತ್ತ ಅದರಲ್ಲಿ ಬರುತ್ತವೆ. ಬಳಿಕ ನಂಬರ್ ಮತ್ತು ವರ್ಷ ತೋರಿಸಿ ಆಧಾರದ ದೃಢೀಕೃತ ನಕಲು ಕೇಳಿ.

ಪಕ್ಕದವರ ಸರ್ವೆ ನಂಬರ್ ತಿಳಿಯಲು ನಿಮ್ಮ ಸ್ವಂತ ಆಧಾರವನ್ನೇ ತೆರೆಯಿರಿ. ಕೊನೆಯ ಪುಟದ ಪಟ್ಟಿಯಲ್ಲಿ ಚೆಕ್ಕುಬಂದಿ ಇರುತ್ತದೆ: ಪೂರ್ವಕ್ಕೆ ಯಾರದ್ದು, ತೆಂಕಿಗೆ ಯಾರದ್ದು ಎಂದು. ಅಲ್ಲಿ ನಂಬರ್ ಇಲ್ಲದಿದ್ದರೆ ಗ್ರಾಮ ಕಚೇರಿಯ ನಕ್ಷೆಯಲ್ಲಿ ಸಿಗುತ್ತದೆ. ರೀ-ಸರ್ವೆ, ಅಂದರೆ ಮರು ಅಳತೆ ಆದ ಗ್ರಾಮವಾದರೆ ಹಳೆಯದು, ಹೊಸದು ಎರಡೂ ನಂಬರ್ ಬರೆದುಕೊಳ್ಳಿ. ಒಂದೇ ಹಿಡಿದು ಹೋದರೆ ಅರ್ಧ ವ್ಯವಹಾರಗಳು ಕಾಣದೆ ಉಳಿಯುತ್ತವೆ.

ಇ.ಸಿ. ಬಂತು, ಎಲ್ಲ ಮಲಯಾಳಂ. ಯಾವುದನ್ನು ಬೆಲೆ ಎಂದು ತೆಗೆದುಕೊಳ್ಳಲಿ?

ನಾಲ್ಕೈದು ಶಬ್ದ ಗೊತ್ತಿದ್ದರೆ ಸಾಕು. ತೀರಾಧಾರ ಅಂದರೆ ಕ್ರಯಪತ್ರ. ನಮಗೆ ಬೇಕಾದದ್ದು ಇದೊಂದೇ. ಭಾಗಪತ್ರ ನಮ್ಮ ಪಾಲುಪತ್ರ, ಒಳಿಮುರಿ ಹಕ್ಕು ಬಿಡುಗಡೆ, ಧನನಿಶ್ಚಯ ಮನೆಯವರಿಗೆ ಬರೆದುಕೊಡುವ ವ್ಯವಸ್ಥಾಪತ್ರ, ಪಣಯ ಅಂದರೆ ಅಡವು. ಈ ನಾಲ್ಕರ ಎದುರಿಗಿರುವ ಮೊತ್ತ ಮಾರಾಟದ ಬೆಲೆಯಲ್ಲ. ಶುಲ್ಕದ ಲೆಕ್ಕಕ್ಕೋ ಸಾಲದ ಲೆಕ್ಕಕ್ಕೋ ಬರೆದದ್ದು. ಆಧಾರದ ಒಳಗೆ ಪ್ರತಿಫಲ ಎಂಬ ಶಬ್ದದ ಪಕ್ಕದಲ್ಲಿ ಬೆಲೆ ಸಿಗುತ್ತದೆ.

ಬೆಲೆ ಸಿಕ್ಕಿದ ಮೇಲೆ ವಿಸ್ತೀರ್ಣದಿಂದ ಭಾಗಿಸಿ. 4.05 ಆರ್ ಜಾಗಕ್ಕೆ 6,00,000 ಎಂದಿದ್ದರೆ, ಜಾಗ ಹತ್ತು ಸೆಂಟ್ಸ್, ದರ ಸೆಂಟ್ಸಿಗೆ 60,000. ಮನೆ ಸೇರಿದ್ದರೆ ಕಟ್ಟಡದ ಮೌಲ್ಯವನ್ನು ಕಳೆದೇ ಈ ಲೆಕ್ಕ ಮಾಡಬೇಕು.

ಆಧಾರದಲ್ಲಿ ಬರೆದ ಮೊತ್ತವನ್ನು ನಂಬಬಹುದೇ? ಎಲ್ಲರೂ ಕಡಿಮೆ ಬರೆಸುತ್ತಾರಲ್ಲ?

ಎಲ್ಲರೂ ಅಲ್ಲ, ಆದರೆ ಬಹಳ ಮಂದಿ. ಸ್ಟಾಂಪ್ ಶೇ. 8, ನೋಂದಣಿ ಶುಲ್ಕ ಶೇ. 2, ಸೇರಿ ನೂರಕ್ಕೆ ಹತ್ತು ರೂಪಾಯಿ. ಅದನ್ನು ಉಳಿಸಲು ಫೇರ್ ವ್ಯಾಲ್ಯೂನಷ್ಟೇ ಬರೆಸಿ ಉಳಿದದ್ದನ್ನು ಕೈಯಲ್ಲಿ ಕೊಡುತ್ತಾರೆ. ಸ್ಥಿರಾಸ್ತಿಯ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆಯುವುದಕ್ಕೆ ಆದಾಯ ತೆರಿಗೆ ಕಾನೂನಿನಲ್ಲಿ ನಿಷೇಧವಿದೆ ಎಂಬುದನ್ನು ಯಾರೂ ಅವರಿಗೆ ಹೇಳಿರುವುದಿಲ್ಲ.

ಓದುವ ಕಣ್ಣಿಗೆ ಆಧಾರವೇ ಸುಳಿವು ಕೊಡುತ್ತದೆ. ಮೊತ್ತ ಫೇರ್ ವ್ಯಾಲ್ಯೂಗೆ ರೂಪಾಯಿ ಪೈಸೆ ಸರಿಯಾಗಿ ಹೊಂದಿದರೆ ಅದು ಬೆಲೆಯಲ್ಲ, ಶುಲ್ಕದ ಲೆಕ್ಕ ಎಂದು ತಿಳಿಯಿರಿ. ಚೆಕ್ಕಿನ ನಂಬರ್, ಬ್ಯಾಂಕ್, ದಿನಾಂಕ ಬರೆದು ಮೂರು ಕಂತುಗಳಲ್ಲಿ ಸಂದಾಯವಾದ ಆಧಾರ ಸಾಮಾನ್ಯವಾಗಿ ನಿಜದ ಹತ್ತಿರ ಇರುತ್ತದೆ. ಕೊಂಡವರು ಬ್ಯಾಂಕ್ ಸಾಲ ತೆಗೆದಿದ್ದರೂ ಹಾಗೆಯೇ. ಬೆಲೆ ಕಡಿಮೆ ತೋರಿಸಿದರೆ ಸಾಲವೂ ಕಡಿಮೆಯಾಗುತ್ತದೆ. ಕ್ರಯದ ಮರುದಿನವೇ ಅಡವಿನ ನಮೂದು ಇ.ಸಿ.ಯಲ್ಲಿ ಕಂಡರೆ ಆ ಆಧಾರವನ್ನು ಮೊದಲು ತೆಗೆಸಿ ನೋಡಿ. ನನ್ನ ಅನುಭವದಲ್ಲಿ ಇಂಥ ಒಂದು ಆಧಾರ ಉಳಿದ ಹತ್ತಕ್ಕೆ ಸಮ.

ಸ್ಟಾಂಪ್ ಮೊತ್ತ ನೋಡಿ ಏನಾದರೂ ತಿಳಿಯುತ್ತದೆಯೇ?

ಸ್ವಲ್ಪ ತಿಳಿಯುತ್ತದೆ. ಪ್ರತಿಫಲ, ಫೇರ್ ವ್ಯಾಲ್ಯೂ ಇವೆರಡರಲ್ಲಿ ಯಾವುದು ಹೆಚ್ಚೋ ಅದರ ಮೇಲೆ ಸ್ಟಾಂಪ್ ಬೀಳುತ್ತದೆ. 6,00,000ಕ್ಕೆ 48,000 ಸ್ಟಾಂಪ್ ಸಾಕು. 64,000 ಇದ್ದರೆ ಫೇರ್ ವ್ಯಾಲ್ಯೂ 8,00,000 ಇತ್ತು ಎಂದರ್ಥ. ಹಳೆಯ ಆಧಾರಗಳಿಗೆ ಈ ಲೆಕ್ಕ ಹೊಂದುವುದಿಲ್ಲ, ಆಗಿನ ಶುಲ್ಕ ಬೇರೆ.

ಎಷ್ಟು ಆಧಾರ ನೋಡಿದರೆ ಸಾಕು?

ಮೂರು ವರ್ಷದೊಳಗಿನ, ಒಂದೇ ಬಗೆಯ ರಸ್ತೆಯ, ಹೆಚ್ಚುಕಡಿಮೆ ಒಂದೇ ವಿಸ್ತೀರ್ಣದ ನಾಲ್ಕೈದು ಕ್ರಯಪತ್ರ ಸಿಕ್ಕಿದರೆ ಚೆನ್ನ. ಹತ್ತು ಸೆಂಟ್ಸಿನ ದರದಲ್ಲಿ ಎರಡು ಎಕರೆ ಹೋಗುವುದಿಲ್ಲ. ರಿಜಿಸ್ಟರ್ ಆದ ದಿನಾಂಕವನ್ನಲ್ಲ, ಬರೆದ ದಿನಾಂಕವನ್ನು ನೋಡಿ. ಬರೆದ ನಾಲ್ಕು ತಿಂಗಳೊಳಗೆ ನೋಂದಣಿಗೆ ಕೊಟ್ಟರೆ ಸಾಕು ಎಂಬ ನಿಯಮವಿರುವುದರಿಂದ ಎರಡರ ನಡುವೆ ಅಂತರವಿರಬಹುದು.

## ಊರಿನಲ್ಲಿ ವಿಚಾರಿಸುವಾಗ

ದಲ್ಲಾಳಿ ಹೇಳುವ ಬೆಲೆ ಸರಿಯೇ? ಅವರಿಗೆ ಎಲ್ಲ ಗೊತ್ತಿರುತ್ತದಲ್ಲ?

ಅವರಿಗೆ ಗೊತ್ತಿರುತ್ತದೆ, ಸಂಶಯವಿಲ್ಲ. ಆದರೆ ಗೊತ್ತಿರುವುದನ್ನೆಲ್ಲ ನಿಮಗೆ ಹೇಳುವ ಅಗತ್ಯ ಅವರಿಗಿಲ್ಲ.

ನನ್ನ ಚಿಕ್ಕಮ್ಮ ಬದಿಯಡ್ಕದ ಹತ್ತಿರ 18 ಸೆಂಟ್ಸ್ ಮಾರಿದರು. "ನಿಮ್ಮ ಮೇಲಿನ ಜಾಗ ಸೆಂಟ್ಸಿಗೆ 45,000ಕ್ಕೆ ಹೋಗಿದೆ, ಬೇಕಾದರೆ ಕಾಗದ ನೋಡಿ" ಎಂದು ದಲ್ಲಾಳಿ ಒಂದು ಆಧಾರದ ಪ್ರತಿಯನ್ನೇ ಕೊಟ್ಟುಹೋಗಿದ್ದರು. ಚಿಕ್ಕಮ್ಮನಿಗೆ ಮಲಯಾಳಂ ಓದಲು ಬಾರದು. ಅಂಕಿ ಮಾತ್ರ ಓದಿದರು, ಲೆಕ್ಕ ಸರಿಯಿತ್ತು, ಒಪ್ಪಿದರು. ವ್ಯವಹಾರ ಮುಗಿದ ಮೇಲೆ ನಾನು ಹೋದಾಗ ಆ ಪ್ರತಿ ದೇವರ ಕೋಣೆಯ ಗೂಡಿನಲ್ಲಿ ನಾಲ್ಕು ಮಡಿಕೆಯಾಗಿ ಇತ್ತು. ಬಿಡಿಸಿ ನೋಡಿದರೆ ಮೊದಲ ಸಾಲಿನಲ್ಲೇ ಭಾಗಪತ್ರ ಎಂದಿದೆ. ಅಣ್ಣತಮ್ಮಂದಿರ ಪಾಲಿನ ಕಾಗದ. ಅಲ್ಲಿ ಯಾರೂ ಯಾರಿಗೂ ಏನನ್ನೂ ಮಾರಿರಲಿಲ್ಲ. ಕಾಗದ ಸುಳ್ಳಾಗಿರಲಿಲ್ಲ, ಅದರ ಬಗೆಯನ್ನು ಹೇಳದೆ ಬಿಟ್ಟದ್ದೇ ಸುಳ್ಳು. ಮೇಲೆ ಶಬ್ದಗಳ ಅರ್ಥ ಬರೆಯಲು ಇದೇ ಕಾರಣ.

ಒಬ್ಬರನ್ನೇ ಕೇಳಬೇಡಿ. ಈಚೆಗೆ ಮಾರಿದವರನ್ನು ಕೇಳಿ, ಕೊಂಡವರನ್ನು ಬೇರೆಯಾಗಿ ಕೇಳಿ, ಕೊಳ್ಳಲು ಬಂದು ಬಿಟ್ಟುಹೋದವರು ಸಿಕ್ಕಿದರೆ ಅವರನ್ನು ತಪ್ಪದೆ ಕೇಳಿ. ಮಾರಿದವರು ಒಂದಿಷ್ಟು ಏರಿಸಿ, ಕೊಂಡವರು ಒಂದಿಷ್ಟು ಇಳಿಸಿ ಹೇಳುವುದು ಸಹಜ. ಬಿಟ್ಟುಹೋದವರಿಗೆ ಮುಚ್ಚಿಡಲು ಏನೂ ಇರುವುದಿಲ್ಲ.

ಒಂದೇ ಬೇಲಿಯ ಆಚೆ ಈಚೆ. ಬೆಲೆ ಅರ್ಧಕ್ಕರ್ಧ ವ್ಯತ್ಯಾಸ. ಯಾಕೆ?

ಮೊದಲ ಕಾರಣ ದಾರಿ. ಲಾರಿ ಬರುವ ದಾರಿಯೇ, ರಿಕ್ಷಾ ಮಾತ್ರವೇ, ತೋಡು ದಾಟಿ ನಡೆಯಬೇಕೇ? ಆ ದಾರಿ ಆಧಾರದಲ್ಲಿ ಹಕ್ಕಾಗಿ ಬರೆದದ್ದೇ ಅಥವಾ ಪಕ್ಕದವರ ಸೌಜನ್ಯವೇ? ಎರಡನೆಯದು ನೀರು. ನೀರಿಗಾಗಿ ಗುಡ್ಡಕ್ಕೆ ಕೊರೆದ ಸುರಂಗದಲ್ಲಿ ಮೇ ತಿಂಗಳಲ್ಲೂ ನೀರು ಹರಿಯುವ ತೋಟಕ್ಕೂ ಫೆಬ್ರವರಿಗೇ ಬತ್ತುವ ಕೆರೆಯ ತೋಟಕ್ಕೂ ಒಂದೇ ದರ ಹೇಗೆ ಬರುತ್ತದೆ? ಮಳೆಗಾಲದಲ್ಲಿ ಜಾಗ ನೋಡಿ ಬೆಲೆ ಕಟ್ಟುವವರಿಗೆ ನಾನು ಹೇಳುವುದು ಒಂದೇ, ಏಪ್ರಿಲ್‌ನಲ್ಲಿ ಮತ್ತೊಮ್ಮೆ ಹೋಗಿ. ಅಡಿಕೆ ತೋಟವಾದರೆ ಮರಗಳ ಪ್ರಾಯ, ರೋಗ ಬಂದಿದೆಯೇ ಎಂಬುದೂ ಸೇರುತ್ತದೆ. ಆದರೆ ನೀರು, ಮರ, ರೋಗ ಯಾವುದೂ ಕಾಗದದಲ್ಲಿ ಕಾಣುವುದಿಲ್ಲ, ಹೋಗಿಯೇ ನೋಡಬೇಕು.

ಗದ್ದೆಗೆ ಮಣ್ಣು ತುಂಬಿ ಮೂವತ್ತು ವರ್ಷವಾಯಿತು, ತೆಂಗು ಫಲ ಕೊಡುತ್ತಿದೆ. ಪಕ್ಕದ ಮನೆ ಜಾಗದ ಬೆಲೆ ಇದಕ್ಕೂ ಬರುತ್ತದೆಯೇ?

ಗ್ರಾಮ ಕಚೇರಿಯ ದಾಖಲೆಯಲ್ಲಿ ನಿಲ ಎಂದಿದ್ದರೆ ಬರುವುದಿಲ್ಲ. ಬೈಲು, ಮಜಲು, ಬೆಟ್ಟು ಎಂದು ನಾವು ಕರೆಯುವುದೆಲ್ಲ ಅಲ್ಲಿ ನಿಲ. ಒಣ ಜಾಗ ಪುರಯಿಡ. 2008ರ ಕೇರಳ ಭತ್ತದ ಗದ್ದೆ ಮತ್ತು ಜೌಗು ಪ್ರದೇಶ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಕೃಷಿಭವನಗಳ ಮೂಲಕ ಅಂಥ ಗದ್ದೆ, ಜೌಗು ಜಾಗಗಳ ಡೇಟಾ ಬ್ಯಾಂಕ್ ಎಂಬ ಪಟ್ಟಿ ತಯಾರಾಯಿತು. ನಿಮ್ಮ ನಂಬರ್ ಅದರಲ್ಲಿ ಇಲ್ಲದಿದ್ದರೆ ಆರ್‌ಡಿಒಗೆ (ಕೆಲವು ತಾಲೂಕುಗಳಲ್ಲಿ ಡೆಪ್ಯೂಟಿ ಕಲೆಕ್ಟರಿಗೆ) ಅರ್ಜಿ ಹಾಕಿ ಸ್ವರೂಪ ಬದಲಾಯಿಸಿಕೊಳ್ಳಲು ದಾರಿಯಿದೆ. ಇದ್ದರೆ ಮೊದಲು ಆ ಪಟ್ಟಿಯಿಂದ ಹೊರಬರಬೇಕು. ಕೊಳ್ಳುವವರು ಈ ಅಲೆದಾಟವನ್ನೂ ಶುಲ್ಕವನ್ನೂ ಬೆಲೆಯಿಂದ ಕಳೆಯುತ್ತಾರೆ. ಆದ್ದರಿಂದ ಹೋಲಿಕೆಗೆ ನಿಲದ ಆಧಾರಗಳನ್ನೇ ಹುಡುಕಿ.

ಕುಮ್ಕಿ ಸೇರಿಸಿ ಮೂರು ಎಕರೆ ಎಂದು ಬೆಲೆ ಹೇಳುತ್ತಿದ್ದಾರೆ. ಸರಿಯೇ?

ಸರಿಯಲ್ಲ. 1956ರವರೆಗೆ ನಾವು ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದುದರಿಂದ ಉಳಿದುಬಂದ ವ್ಯವಸ್ಥೆ ಇದು. ವರ್ಗ ಜಾಗದ, ಅಂದರೆ ತೀರ್ವೆ ಕಟ್ಟುವ ಸ್ವಂತ ಜಾಗದ ಸುತ್ತ ನೂರು ಗಜದೊಳಗಿನ ಸರ್ಕಾರಿ ಭೂಮಿಯಲ್ಲಿ ಸೊಪ್ಪು ಕಡಿಯಲು, ದನ ಮೇಯಿಸಲು ಇದ್ದ ಸವಲತ್ತು. ಒಡೆತನ ಸರ್ಕಾರದ್ದು. ಆಧಾರದಲ್ಲಿ, ತೀರ್ವೆ ರಶೀದಿಯಲ್ಲಿ ಎಷ್ಟಿದೆಯೋ ಅಷ್ಟರಿಂದ ಮಾತ್ರ ಬೆಲೆಯನ್ನು ಭಾಗಿಸಿ. ಮೂರು ಎಕರೆಯಲ್ಲಿ ವರ್ಗ ಒಂದೂವರೆ ಎಕರೆಯೇ ಆಗಿದ್ದರೆ ನೀವು ಕೊಡುತ್ತಿರುವುದು ಅವರು ಹೇಳಿದ್ದರ ಇಮ್ಮಡಿ ದರ.

ತಲಪಾಡಿಯಾಚೆ ಇಷ್ಟು ಬೆಲೆ ಇದೆ, ನಮಗೂ ಅಷ್ಟೇ ಬರಬೇಕಲ್ಲ?

ಆಸೆ ಸಹಜ, ಹೋಲಿಕೆ ಕಷ್ಟ. ಆಚೆ ಕರ್ನಾಟಕದ ಮಾರ್ಗಸೂಚಿ ಬೆಲೆ, ನೋಂದಣಿಗೆ ಕಾವೇರಿ ತಂತ್ರಾಂಶ, ಬೇರೆಯೇ ಶುಲ್ಕ, ಬೇರೆಯೇ ಭೂಕಾನೂನು. ಮಂಗಳೂರಿನ ಬಿಸಿ ಗಡಿ ದಾಟಿ ಬರುವುದು ನಿಜ. ಆದರೆ ಎಷ್ಟು ಬಂದಿದೆ ಎಂಬುದನ್ನು ಹೇಳಬೇಕಾದದ್ದು ಈಚೆಗಿನ ಆಧಾರಗಳೇ.

## ಇನ್ನೂ ಆಳದ ಪ್ರಶ್ನೆಗಳು

ರಸ್ತೆಗೆ ಜಾಗ ಹೋಗುತ್ತಿದೆ. ಪಕ್ಕದ ಜಾಗದ ಬೆಲೆ ತೋರಿಸಿದರೆ ಪರಿಹಾರ ಹೆಚ್ಚು ಸಿಗುತ್ತದೆಯೇ?

ತಲಪಾಡಿ–ಚೆಂಗಳ ಹೆದ್ದಾರಿ ಅಗಲೀಕರಣದ ಕಾಲದಲ್ಲಿ ಇದನ್ನು ಕೇಳದ ಮನೆಯಿರಲಿಲ್ಲ. 2013ರ ಭೂಸ್ವಾಧೀನ ಕಾಯ್ದೆಯ 26ನೆಯ ಕಲಂ ಉತ್ತರ ಕೊಡುತ್ತದೆ. ಸ್ಟಾಂಪ್ ಕಾಯ್ದೆಯ ಪ್ರಕಾರದ ಬೆಲೆ, ಹತ್ತಿರದ ಅಂಥದೇ ಜಾಗಗಳ ಸರಾಸರಿ ಮಾರಾಟ ಬೆಲೆ, ಖಾಸಗಿ ಕಂಪನಿಗೋ ಸರ್ಕಾರಿ-ಖಾಸಗಿ ಸಹಭಾಗಿತ್ವದ ಯೋಜನೆಗೋ ಆದ ಸ್ವಾಧೀನವಾದರೆ ಒಪ್ಪಿದ ಮೊತ್ತ, ಇವುಗಳಲ್ಲಿ ಯಾವುದು ಹೆಚ್ಚೋ ಅದನ್ನು ಹಿಡಿಯಬೇಕು. ಸರಾಸರಿಗೆ ಹಿಂದಿನ ಮೂರು ವರ್ಷಗಳ ಆಧಾರಗಳನ್ನು ತೆಗೆದು, ಅವುಗಳಲ್ಲಿ ಹೆಚ್ಚು ಬೆಲೆಯ ಅರ್ಧವನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಇಪ್ಪತ್ತು ಆಧಾರಗಳಿದ್ದರೆ ಮೇಲಿನ ಹತ್ತು. ಅದರ ಮೇಲೆ ಶೇ. 100 ಸಾಂತ್ವನ ಧನ, ಗ್ರಾಮಾಂತರವಾದರೆ ಇನ್ನೊಂದು ಗುಣಕ ಸೇರುತ್ತದೆ. ಹೆದ್ದಾರಿ ಸ್ವಾಧೀನಕ್ಕೂ ಈ ಲೆಕ್ಕ ಅನ್ವಯ; ಮೊತ್ತ ಒಪ್ಪಿಗೆಯಾಗದಿದ್ದರೆ ಮಧ್ಯಸ್ಥಗಾರರ ಮುಂದೆ ಹೋಗಬಹುದು.

ಹಾಗಾಗಿ ನೋಟಿಸು ಬಂದ ಕೂಡಲೇ ಒಂದು ಕೆಲಸ ಮಾಡಿ. ಅಧಿಕಾರಿಗಳು ಯಾವ ಯಾವ ಆಧಾರಗಳನ್ನು ಲೆಕ್ಕಕ್ಕೆ ತೆಗೆದುಕೊಂಡರು ಎಂಬ ಪಟ್ಟಿಯನ್ನು ಲಿಖಿತವಾಗಿ ಕೇಳಿ. ಕೊಡದಿದ್ದರೆ ಮಾಹಿತಿ ಹಕ್ಕಿನಲ್ಲಿ ಕೇಳಿ. ಅವರು ಬಿಟ್ಟ ಒಳ್ಳೆಯ ಆಧಾರಗಳ ದೃಢೀಕೃತ ನಕಲುಗಳನ್ನು ನೀವು ಸಲ್ಲಿಸಿ.

ಇಲ್ಲಿಯೇ ಒಂದು ಮಾತನ್ನು ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ಒಬ್ಬರು ಹತ್ತು ಲಕ್ಷದ ಜಾಗಕ್ಕೆ ನಾಲ್ಕು ಲಕ್ಷ ಬರೆಸಿದಾಗ ಉಳಿಸಿದ್ದು ಅರುವತ್ತು ಸಾವಿರ. ಆ ನಾಲ್ಕು ಲಕ್ಷ ಮುಂದೆ ಇಡೀ ಬೈಲಿನವರ ಪರಿಹಾರದ ಲೆಕ್ಕಕ್ಕೆ ಬರುತ್ತದೆ. ಮಾರದೆ, ಕೊಳ್ಳದೆ ಮನೆಯಲ್ಲಿ ಕುಳಿತ ವಿಧವೆಯ ಐದು ಸೆಂಟ್ಸಿಗೂ ಅದೇ ಅಂಕಿ. ಎಲ್ಲರೂ ಕಡಿಮೆ ಬರೆಸಿದ ಊರಿನಲ್ಲಿ ಹೆಚ್ಚು ಬೆಲೆಯ ಅರ್ಧ ಎಂಬುದೂ ಬಡವಾಗಿಯೇ ಇರುತ್ತದೆ.

ಅಜ್ಜನ ಕಾಲದ ಜಾಗ ಮಾರುತ್ತಿದ್ದೇವೆ. ಆಡಿಟರ್ 2001ರ ಬೆಲೆ ಕೇಳುತ್ತಾರೆ. ಎಲ್ಲಿಂದ ತರಲಿ?

2001ರ ಏಪ್ರಿಲ್ 1ಕ್ಕಿಂತ ಮೊದಲಿನಿಂದ ಇರುವ ಆಸ್ತಿಗೆ ಆ ದಿನದ ಮಾರುಕಟ್ಟೆ ಬೆಲೆಯನ್ನು ಮೂಲಬೆಲೆಯಾಗಿ ಹಿಡಿಯಲು ಆದಾಯ ತೆರಿಗೆಯಲ್ಲಿ ಅವಕಾಶವಿದೆ. ನಮ್ಮಲ್ಲಿ ಫೇರ್ ವ್ಯಾಲ್ಯೂ ಶುರುವಾದದ್ದೇ 2010ರಲ್ಲಿ, ಆದ್ದರಿಂದ ಆ ಪಟ್ಟಿ ಇಲ್ಲಿ ಉಪಯೋಗಕ್ಕೆ ಬಾರದು. 2000 ಮತ್ತು 2001ರಲ್ಲಿ ಅದೇ ಗ್ರಾಮದಲ್ಲಿ ನಡೆದ ಎರಡು ಮೂರು ಕ್ರಯಪತ್ರಗಳ ನಕಲು ತೆಗೆಸಿ, ನೋಂದಾಯಿತ ಮೌಲ್ಯಮಾಪಕರಿಗೆ ಕೊಟ್ಟು ವರದಿ ಪಡೆಯಿರಿ. 2024ರ ಜುಲೈ 23ಕ್ಕಿಂತ ಮೊದಲು ಪಡೆದ ಜಾಗಕ್ಕೆ, ನಿವಾಸಿ ವ್ಯಕ್ತಿಗಳಾದರೆ, ಮಾರಾಟದ ಲಾಭದ ಮೇಲಿನ ತೆರಿಗೆ ಹಣದುಬ್ಬರ ಸೇರಿಸದೆ ಶೇ. 12.5 ಅಥವಾ ಸೇರಿಸಿ ಶೇ. 20, ಎರಡರಲ್ಲಿ ಯಾವುದು ಕಡಿಮೆಯೋ ಅದು ಸಾಕಾಗುತ್ತದೆ. ಗಲ್ಫಿನಲ್ಲಿದ್ದು ಅನಿವಾಸಿಗಳಾದವರಿಗೆ ಈ ಆಯ್ಕೆಯಿಲ್ಲ, ಅದನ್ನು ಆಡಿಟರಿಗೆ ಮೊದಲೇ ಹೇಳಿ.

ಎಲ್ಲ ದಾಖಲೆ ಒಂದೇ ಕಡೆ ಸಿಗುತ್ತದೆ ಎಂದು ಕೇಳಿದೆ. ನಿಜವೇ?

ಆ ಕೆಲಸ ನಡೆಯುತ್ತಿದೆ. ನೋಂದಣಿ, ಕಂದಾಯ, ಸರ್ವೆ ಮೂರೂ ಇಲಾಖೆಗಳ ದಾಖಲೆಯನ್ನು ಜೋಡಿಸುವ ಎನ್ಟೆ ಭೂಮಿ, ಅಂದರೆ ನನ್ನ ಭೂಮಿ ಎಂಬ ವ್ಯವಸ್ಥೆ 2024ರ ಅಕ್ಟೋಬರಿನಲ್ಲಿ ಆರಂಭವಾಯಿತು. ಇಡೀ ರಾಜ್ಯದಲ್ಲಿ ಮೊದಲು ಅದು ಬಂದದ್ದು ನಮ್ಮ ಮಂಜೇಶ್ವರ ತಾಲೂಕಿನ ಉಜಾರುಳ್ವಾರು ಗ್ರಾಮಕ್ಕೆ. ಡಿಜಿಟಲ್ ಸರ್ವೆ ಮುಗಿದ ಗ್ರಾಮಗಳಿಗೆ ಇದರಿಂದ ಬಹಳ ಅನುಕೂಲ.

ಕನ್ನಡದಲ್ಲಿ ಅರ್ಜಿ ಕೊಟ್ಟರೆ ತೆಗೆದುಕೊಳ್ಳುತ್ತಾರೆಯೇ? ಏನೆಂದು ಬರೆಯಲಿ?

ತೆಗೆದುಕೊಳ್ಳಬೇಕು. 1969ರ ಕೇರಳ ಅಧಿಕೃತ ಭಾಷಾ ಕಾಯ್ದೆ ಪ್ರಕಾರ ಭಾಷಾ ಅಲ್ಪಸಂಖ್ಯಾತ ಪ್ರದೇಶಗಳ ಸ್ಥಳೀಯ ಕಚೇರಿಗಳಿಗೆ ನಾವು ಕನ್ನಡದಲ್ಲಿ ಬರೆಯಬಹುದು, ಉತ್ತರವನ್ನೂ ಕನ್ನಡದಲ್ಲಿ ಪಡೆಯಬಹುದು. ಯಾರಾದರೂ ಮಲಯಾಳಂನಲ್ಲೇ ಬರೆದು ತನ್ನಿ ಎಂದರೆ ವಿನಯದಿಂದ ಈ ಕಾಯ್ದೆಯ ಹೆಸರು ಹೇಳಿ, ಅರ್ಜಿ ಕೊಟ್ಟು, ರಶೀದಿ ಕೇಳಿ. ಒಕ್ಕಣೆ ಉದ್ದವಾಗಬೇಕಿಲ್ಲ:

"ಇಂಥ ತಾಲೂಕು, ಇಂಥ ಗ್ರಾಮದ ಬ್ಲಾಕ್ ನಂಬರ್ ಇಷ್ಟು, ರೀ-ಸರ್ವೆ ನಂಬರ್ ಇಷ್ಟು, ಹಳೆಯ ಸರ್ವೆ ನಂಬರ್ ಇಷ್ಟು ಇರುವ ಸ್ಥಿರಾಸ್ತಿಗೆ ಸಂಬಂಧಿಸಿ ಇಂಥ ದಿನಾಂಕದಿಂದ ಇಂಥ ದಿನಾಂಕದವರೆಗೆ ನೋಂದಣಿಯಾದ ವ್ಯವಹಾರಗಳ ಋಣಭಾರ ಪ್ರಮಾಣಪತ್ರವನ್ನು, ಅದರಲ್ಲಿ ಬರುವ ಕ್ರಯಪತ್ರಗಳ ದೃಢೀಕೃತ ನಕಲುಗಳನ್ನು ನೋಂದಣಿ ಕಾಯ್ದೆಯ 57ನೆಯ ಕಲಂ ಪ್ರಕಾರ ಒದಗಿಸಬೇಕಾಗಿ ವಿನಂತಿ. ನಿಗದಿತ ಶುಲ್ಕವನ್ನು ಪಾವತಿಸಲು ಸಿದ್ಧನಿದ್ದೇನೆ."

ಕೆಳಗೆ ಸಹಿ, ದಿನಾಂಕ, ವಿಳಾಸ. ಒಂದು ಪ್ರತಿಗೆ ಕಚೇರಿಯ ಮೊಹರು ಹಾಕಿಸಿ ಮನೆಯಲ್ಲಿ ಇಟ್ಟುಕೊಳ್ಳಿ.